ಕೆಎ 19ರಿಂದ ಕೆಎಲ್ 14ಕ್ಕೆ: ದಾನವಾಗಿ ಬಂದ ಕಾರು ಮನೆ ಸೇರುವಷ್ಟರಲ್ಲಿ

ಮಂಗಳೂರಿನವರೊಬ್ಬರು ಬಿಟ್ಟುಕೊಟ್ಟ 2013ರ ವ್ಯಾಗನ್‌ಆರ್ ಕಾರು ಈಗ ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ, ಗಾಲಿಕುರ್ಚಿಯ ಹುಡುಗನೊಬ್ಬನ ಮನೆಯವರಿಗಾಗಿ, ಕೇರಳದ ಕೆಎಲ್ 14 ನಂಬರು ಹಾಕಿಕೊಂಡು ಓಡುತ್ತಿದೆ. ಕೊಡುತ್ತೇನೆಂದು ಅವರು ಫೋನ್ ಮಾಡಿದ್ದು ಮಳೆಗಾಲಕ್ಕೆ ಮೊದಲು. ಆರ್‌ಸಿಯಲ್ಲಿ (ಕಾರಿನ ನೋಂದಣಿ ಪತ್ರ) ಹೆಸರು ಬದಲಾದದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ಕಾರಿಗೆಂದು ಒಂದು ರೂಪಾಯಿ ಕೊಟ್ಟಿಲ್ಲ, ಆದರೂ ಕೈಯಿಂದ ಹೋದದ್ದು ಅರ್ಧ ಲಕ್ಷಕ್ಕೆ ಹತ್ತಿರ. ಇಂಥದೇ ಕೆಲಸಕ್ಕೆ ಹೊರಟವರು ಕಾಸರಗೋಡಿನಲ್ಲಿ ಇನ್ನೂ ಇದ್ದಾರೆ, ಗಡಿಯಾಚೆ ಕಾರು ಕೊಡುವ ಮನಸ್ಸಿನವರೂ ಇದ್ದಾರೆ. ಅವರಿಗೆಂದು ಊರಿನ ಗೆಳೆಯರ ಬಳಗದ ನಾವು ಇದನ್ನು ಬರೆದಿಡುತ್ತಿದ್ದೇವೆ.

ಕಾರು ಯಾಕೆ ಬೇಕು ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೋಡಂಬಿ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ಇವು; ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು. ಮಲಗಿದಲ್ಲೇ ಬೆಳೆದ ಮಕ್ಕಳಿರುವ ಮನೆಗಳು ಹೆಚ್ಚಾಗಿ ಇಳಿಜಾರಿನ ಕೊನೆಯಲ್ಲಿ, ಬಸ್ಸು ನಿಲ್ಲುವ ಜಾಗದಿಂದ ದೂರದಲ್ಲಿ ಇವೆ. ಫಿಸಿಯೋಥೆರಪಿ, ಅಪಸ್ಮಾರದ ಮದ್ದು, ಸ್ಕ್ಯಾನ್ ಎಂದರೆ ಗಡಿಯಾಚೆಯ ದೇರಳಕಟ್ಟೆ ಅಥವಾ ಮಂಗಳೂರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಅದಾದ ಮೇಲೂ ದೊಡ್ಡ ಕಾಯಿಲೆಗೆ ಗಡಿ ದಾಟುವ ಅಭ್ಯಾಸ ತಪ್ಪಿಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಈ ಅವಲಂಬನೆ ಎಷ್ಟೆಂದು ಎಲ್ಲರಿಗೂ ಕಂಡಿತು. ಬಾಡಿಗೆ ಜೀಪು ಅಥವಾ ಟ್ಯಾಕ್ಸಿಗೆ ಒಂದು ದಿನಕ್ಕೆ ಕೊಡುವ ದುಡ್ಡಿನಲ್ಲಿ ಸ್ವಂತ ಸಣ್ಣ ಕಾರು ಮೂರು ಸಲ ಮಂಗಳೂರಿಗೆ ಹೋಗಿ ಬರುತ್ತದೆ. ಜೀಪು ಸಿಗದ ದಿನ ಥೆರಪಿಯೇ ತಪ್ಪುತ್ತದೆ, ಎರಡು ತಿಂಗಳು ತಪ್ಪಿದರೆ ಕೈಕಾಲು ಮತ್ತೆ ಬಿಗಿಯುತ್ತದೆ.

ಕಾರು ಕೇಳುತ್ತಿದ್ದೇವೆಂಬ ಸುದ್ದಿ ಹಬ್ಬಿದಾಗ ಬಂದ ಮಾತುಗಳು ಮೂರು: ಒಂದು ಸ್ಯಾಂಟ್ರೋ, ಒಂದು ಈಕೋ, ಒಂದು ವ್ಯಾಗನ್‌ಆರ್. ಗಾಲಿಕುರ್ಚಿ ಇರುವ ಮನೆಗೆ ಈಕೋ ಒಳ್ಳೆಯದೆಂದು ಎಲ್ಲರೂ ಹೇಳಿದರು. ಜಾಗ ನೋಡಿದರೆ ನಿಜವೇ. ನಾವು ನೋಡಿದ್ದು ಆರ್‌ಸಿಯಲ್ಲಿ ಸಿಸಿ ಎಂದು ಬರೆದ, ಎಂಜಿನ್ ಗಾತ್ರ ಹೇಳುವ ಸಂಖ್ಯೆಯನ್ನು. ಈಕೋ 1196, ಹಳೆ ಸ್ಯಾಂಟ್ರೋ 1086. ವ್ಯಾಗನ್‌ಆರ್‌ನಲ್ಲೂ ಜಾಗ್ರತೆ ಬೇಕು: 2010ಕ್ಕೆ ಮೊದಲಿನ ಮಾದರಿ 1061 ಸಿಸಿ, ಆ ವರ್ಷ ಬಂದ ಹೊಸ ಎಂಜಿನ್ 998, 2019ರಿಂದ 1197 ಸಿಸಿಯದೂ ಇದೆ. ಆಲ್ಟೋ 800, ಓಮ್ನಿ ಎರಡೂ 796, ಆಲ್ಟೋ ಕೆ10 998, ಇಯಾನ್ 814. ಸಾವಿರದ ಗೆರೆ ಯಾಕೆ ಮುಖ್ಯ ಎಂದರೆ, ಕೇರಳದ ಕ್ಷೇಮ ಪಿಂಚಣಿಯ ನಿಯಮದಲ್ಲಿ ಟ್ಯಾಕ್ಸಿಯಲ್ಲದ, 1000 ಸಿಸಿ ಮೀರಿದ ನಾಲ್ಕು ಚಕ್ರದ ಗಾಡಿ ಇದ್ದರೆ ಅನರ್ಹರೆಂದು ಇದೆ. ಮನೆಯಲ್ಲಿ ಅಜ್ಜಿಗೆ ಬರುವ ಪಿಂಚಣಿ ಒಂದು ಪುಕ್ಕಟೆ ಕಾರಿನಿಂದ ನಿಂತರೆ ಉಪಕಾರ ಮಾಡಿದ ಹಾಗಾಗುವುದಿಲ್ಲ. ಥರ್ಡ್ ಪಾರ್ಟಿ ವಿಮೆಯ ದರಕ್ಕೂ ಅದೇ ಗೆರೆ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ 1000 ಸಿಸಿವರೆಗೆ ವರ್ಷಕ್ಕೆ 2094 ರೂಪಾಯಿ, 1000ದಿಂದ 1500ರವರೆಗೆ 3416. ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಹುಡುಗನ ತಾಯಿ ಕೇಳಿದ್ದು ಒಂದೇ ಪ್ರಶ್ನೆ.

“ಅಣ್ಣ, ಕಾರು ಬಂದ್ರೆ ಅಕ್ಕಿ ನಿಲ್ತದಾ?”

ನಿಲ್ಲುತ್ತದೆ. ಕೇರಳದಲ್ಲಿ ಬಡ ಮನೆಗಳಿಗೆ ಕೊಡುವ ಹಳದಿ ಮತ್ತು ಗುಲಾಬಿ ರೇಶನ್ ಕಾರ್ಡಿಗೆ ಹೊರಗಿಡುವ ಮಾನದಂಡಗಳಲ್ಲಿ ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನವೂ ಒಂದು. ಸಾವಿರ ಚದರ ಅಡಿ ಮೀರಿದ ಮನೆ, ಒಂದು ಎಕರೆಗಿಂತ ಹೆಚ್ಚು ಜಾಗ, ತಿಂಗಳಿಗೆ 25,000 ಮೀರಿದ ಆದಾಯ ಬೇರೆ ಕೆಲವು. ಜೀವನಕ್ಕೆ ಅದೊಂದೇ ದಾರಿಯಾಗಿರುವ ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ಇಲ್ಲಿ ಸಿಸಿ ಲೆಕ್ಕಕ್ಕಿಲ್ಲ, 796ರ ಓಮ್ನಿಯೂ ಕಾರೇ. ಯಾರಿಗೂ ಗೊತ್ತಾಗುವುದಿಲ್ಲ ಎನ್ನುವವರ ಮಾತು ಕೇಳಬೇಡಿ. 2022ರಲ್ಲಿ ‘ಆಪರೇಶನ್ ಯೆಲ್ಲೋ’ ಎಂದು ಅನರ್ಹರ ಕಾರ್ಡು ಹುಡುಕಿ, ಅಷ್ಟು ದಿನ ತೆಗೆದುಕೊಂಡ ಧಾನ್ಯದ ಬೆಲೆಯನ್ನೇ ವಸೂಲು ಮಾಡಲು ಹೊರಟಿದ್ದರು. ಕಾರ್ಡಿನ ಬಣ್ಣ ಬದಲಾದರೆ ಹೋಗುವುದು ಅಕ್ಕಿ ಒಂದೇ ಅಲ್ಲ, ಸರಕಾರಿ ಆಸ್ಪತ್ರೆಯ ರಿಯಾಯಿತಿಗಳೂ ಅದಕ್ಕೆ ಅಂಟಿಕೊಂಡಿವೆ. ಹಾಗಾಗಿ ಮೊದಲ ಓಡಾಟ ಆರ್‌ಟಿಒಗೆ ಬೇಡ, ತಾಲೂಕು ಸಪ್ಲೈ ಆಫೀಸಿಗೆ ಇರಲಿ. ರೇಶನ್ ಕಾರ್ಡಿನಲ್ಲಿ ಹೆಸರಿರುವವರೆಲ್ಲರ ಪಟ್ಟಿ ಹಿಡಿದುಕೊಂಡು ಹೋಗಿ.

ದಾರಿ ಎರಡಿವೆ. ಒಂದು, ನೋಂದಾಯಿತ ಸಂಘ ಅಥವಾ ಟ್ರಸ್ಟಿನ ಹೆಸರಿನಲ್ಲೇ ಕಾರನ್ನಿಟ್ಟು ಮನೆಯವರ ಬಳಕೆಗೆ ಕೊಡುವುದು. ಇದಕ್ಕೆ ಸಂಘದ ನೋಂದಣಿ ಪತ್ರ, ಪ್ಯಾನ್, ಕಾರು ತೆಗೆದುಕೊಳ್ಳುವ ನಿರ್ಣಯದ ಪ್ರತಿ, ಸಹಿ ಹಾಕುವವರ ಆಧಾರ್ ಬೇಕು. ಕಷ್ಟ ಏನೆಂದರೆ ಅಪಘಾತವಾದರೆ ಹೊಣೆ ಸಂಘದ ತಲೆಗೆ. ಪೆಟ್ರೋಲಿಗೆಂದು ಯಾರಿಂದಾದರೂ ಬಾಡಿಗೆಯಂತೆ ದುಡ್ಡು ತೆಗೆದುಕೊಂಡರೆ ಖಾಸಗಿ ನಂಬರಿನ ಗಾಡಿಯನ್ನು ಬಾಡಿಗೆಗೆ ಓಡಿಸಿದ ಕೇಸೂ ಆಗುತ್ತದೆ. ಇನ್ನೊಂದು, ಬೇರೆ ರೇಶನ್ ಕಾರ್ಡಿನಲ್ಲಿರುವ ಹತ್ತಿರದ ನೆಂಟರ ಹೆಸರಿಗೆ ಮಾಡುವುದು. ಈ ಮನೆಯಲ್ಲಿ ಹುಡುಗನ ಸೋದರಮಾವ ಪಕ್ಕದ ಮನೆಯಲ್ಲೇ ಇದ್ದಾರೆ, ಆದ್ಯತೆಯ ಪಟ್ಟಿಯಲ್ಲಿಲ್ಲದವರ ಬಿಳಿ ಕಾರ್ಡು, ಲೈಸನ್ಸ್ ಇದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುವವರೂ ಅವರೇ. ಓಡಿಸುವವರ ಹೆಸರಿಗೇ ಕಾರು ಎಂದು ತೀರ್ಮಾನವಾಯಿತು. ಇದರಲ್ಲಿ ಒಂದು ನಷ್ಟ ಇದೆ. ಅಂಗವಿಕಲರ ಹೆಸರಿನ ವಾಹನಕ್ಕೆ ಕೇರಳದಲ್ಲಿ ಷರತ್ತುಗಳೊಂದಿಗೆ ತೆರಿಗೆ ವಿನಾಯಿತಿ ಇದೆ. ನೋಂದಣಿ ಅರ್ಜಿಯಲ್ಲಿ ಮಾಲೀಕತ್ವದ ಬಗೆಯನ್ನು ‘ದಿವ್ಯಾಂಗಜನ’ ಎಂದು ಗುರುತಿಸುವ ವ್ಯವಸ್ಥೆಯೂ 2020ರಲ್ಲಿ ಬಂದಿದೆ. ಮಾವನ ಹೆಸರಿಗೆ ಮಾಡಿದರೆ ಆ ವಿನಾಯಿತಿ ಕೇಳುವಂತಿಲ್ಲ. ತೆರಿಗೆ ಒಂದು ಸಲ ಕಟ್ಟಿದರೆ ಮುಗಿಯಿತು, ಅಕ್ಕಿ ತಿಂಗಳು ತಿಂಗಳು ಬೇಕು. ಗುಲಾಬಿ ಕಾರ್ಡು ಇಲ್ಲದ ಮನೆಯಾಗಿದ್ದರೆ ಲೆಕ್ಕ ತಿರುಗುತ್ತಿತ್ತು: ಆಗ ಅಂಗವಿಕಲತೆಯ ಪ್ರಮಾಣಪತ್ರ ಇಟ್ಟು ಮಗುವಿನ ಹೆಸರಿಗೇ ಕೇಳುವುದು ಲಾಭ.

ಯಾರ ಹೆಸರಿಗೆಂದು ಗೊತ್ತಾದ ಮೇಲೆ ಕಾರು ನೋಡಲು ಹೋದದ್ದು. ದಾನ ಬರುವ ಕಾರುಗಳಲ್ಲಿ ಹೆಚ್ಚಿನವು ಓಡಿ ಹಾಳಾದವಲ್ಲ, ನಿಂತು ಹಾಳಾದವು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಅಪ್ಪನಿಗೆ ಓಡಿಸಲು ಆಗುವುದಿಲ್ಲ, ಕಾರು ಎರಡು ಮಳೆಗಾಲ ಶೆಡ್ಡಿನಲ್ಲೇ ಇರುತ್ತದೆ. ಮೀಟರಿನಲ್ಲಿ ನಲುವತ್ತು ಸಾವಿರ ಕಿಲೋಮೀಟರ್ ಎಂದು ಹಿಗ್ಗಬೇಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2317 ಎಂದಿದ್ದರೆ 2017ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಮೇಲಿನ ಹಲ್ಲು ಎಷ್ಟೇ ಚೆನ್ನಾಗಿರಲಿ, ಆರೇಳು ವರ್ಷ ದಾಟಿದ ರಬ್ಬರು ಬದಿಯಲ್ಲಿ ಕೂದಲೆಳೆಯಂತೆ ಬಿರಿದಿರುತ್ತದೆ. ಆ ಟೈರಿನಲ್ಲಿ ಹೆದ್ದಾರಿಗೆ ಹೋಗುವುದು ಬೇಡ. ನಾಲ್ಕೂ ಬದಲಿಸಿದೆವು. 13 ಇಂಚಿನವಾದ್ದರಿಂದ ಹದಿಮೂರು ಸಾವಿರದೊಳಗೆ ಮುಗಿಯಿತು.

ಬ್ಯಾಟರಿ ಸತ್ತೇ ಇರುತ್ತದೆ, ಸುಮಾರು ನಾಲ್ಕು ಸಾವಿರ ತೆಗೆದಿಡಿ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ವಾಸನೆ ಕೆಟ್ಟಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಖಾಲಿ ಮಾಡಿಸಬೇಕು. ನಿಂತ ಕಾರಿನ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಖಂಡಿತ. ಎಳೆದಾಡಿ ಬಿಡಿಸಬೇಡಿ, ಡ್ರಮ್ ಬಿಚ್ಚಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಸಾಮಾನು, ನಮ್ಮ ಮಳೆಗೆ ಎರಡು ವರ್ಷದಲ್ಲಿ ಕೆಟ್ಟಿರುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಆ ತೇವ ಆವಿಯಾಗಿ ಪೆಡಲ್ ಕೆಳಗೆ ಹೋಗುತ್ತದೆ. ಎಲ್ಲ ತೆಗೆಸಿ ಹೊಸತು ಹಾಕಿಸಿ, ಇದರಲ್ಲಿ ಉಳಿತಾಯ ನೋಡಬೇಡಿ. 998 ಸಿಸಿಯ ಕೆ10 ಎಂಜಿನ್‌ಗೆ ಟೈಮಿಂಗ್ ಚೈನು; 796ರ ಹಳೆ ಎಂಜಿನ್‌ಗೆ ಬೆಲ್ಟು, ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿದರೇ ಕ್ಷೇಮ.

ಇಲಿ ಇನ್ನೊಂದು ಪಿಡುಗು. ವಯರಿಂಗಿನ ಪ್ಲಾಸ್ಟಿಕ್ ಕಡಿದಿದ್ದರೆ ಕಾರು ಮನೆಯಲ್ಲಿ ಸ್ಟಾರ್ಟ್ ಆಗಿ ಮಳೆಯಲ್ಲಿ ನಿಲ್ಲುತ್ತದೆ. ಅಡಿಭಾಗವನ್ನು ವರ್ಕ್‌ಶಾಪಿನ ಲಿಫ್ಟಿನ ಮೇಲೇ ನೋಡಿ. ಕಡಲ ಬದಿಯಲ್ಲಿದ್ದ ಕಾರಾದರೆ ಸೈಲೆನ್ಸರ್, ಬಾಗಿಲಿನ ಕೆಳಗಿನ ಪಟ್ಟಿ, ಮುಂದಿನ ಲೋವರ್ ಆರ್ಮ್ ಈ ಮೂರನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಕುಟ್ಟಿ ನೋಡಬೇಕು. ಬಣ್ಣದ ಕೆಳಗೆ ತುಕ್ಕು ಹುಡಿಹುಡಿಯಾಗಿದ್ದರೆ ಶಬ್ದದಲ್ಲೇ ತಿಳಿಯುತ್ತದೆ. ಸೀಟಿನ ಹಳಿಯ ಬೋಲ್ಟಿಗೆ ತುಕ್ಕು, ಕಾರ್ಪೆಟಿನಡಿ ನಯವಾದ ಕೆಸರು, ಹೆಡ್‌ಲೈಟಿನೊಳಗೆ ಮಂಜು ಇದ್ದರೆ ನೆರೆನೀರಲ್ಲಿ ಮುಳುಗಿದ್ದ ಕಾರು. ಪುಕ್ಕಟೆಯಾದರೂ ಬೇಡ ಎನ್ನಲು ಸಂಕೋಚ ಬೇಡ.

ವಯಸ್ಸೂ ನೋಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ತಪಾಸಣೆ, ದುಬಾರಿ ಶುಲ್ಕ, ಕೇರಳದಲ್ಲಿ ಹಸಿರು ತೆರಿಗೆ. ಹದಿಮೂರು ವರ್ಷ ದಾಟಿದ ಹೊರರಾಜ್ಯದ ಕಾರು ನಮ್ಮ ಅಭಿಪ್ರಾಯದಲ್ಲಿ ತೆಗೆದುಕೊಳ್ಳಲು ಯೋಗ್ಯವಲ್ಲ. ಕೆಎಲ್ ನಂಬರಿನದೇ ಸಿಕ್ಕಿದರೆ ಈ ಬರಹದ ಅರ್ಧ ಓದದಿದ್ದರೂ ಆಗುತ್ತದೆ. ಆಗ ಫಾರ್ಮ್ 29, ಫಾರ್ಮ್ 30, ವಿಮೆ, ಹೊಗೆ ಪರೀಕ್ಷೆಯ ಪತ್ರ, ಆಧಾರ್, ಇಷ್ಟರಲ್ಲಿ ಹೆಸರು ಬದಲಾಗುತ್ತದೆ.

ಇನ್ನು ಕೊಡುವವರ ಕಡೆಯ ಕಾಗದಗಳು. ತೊಡಕುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ.

ಆರ್‌ಸಿ ಕೈಗೆ ಬಂದಾಗ ಮೊದಲು ಓದಬೇಕಾದದ್ದು ಕೊನೆಯ ಸಾಲು: ಹೈಪೊಥಿಕೇಶನ್, ಅಂದರೆ ಸಾಲಕ್ಕೆ ಅಡವು. ಬ್ಯಾಂಕಿನ ಸಾಲ ತೀರಿಸಿ ವರ್ಷಗಳೇ ಆಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಈ ಕಾರಿನಲ್ಲೂ ಉಳಿದಿತ್ತು. ಅದನ್ನು ತೆಗೆಸದೆ ಎನ್‌ಒಸಿಯ (ಕಾರನ್ನು ಬೇರೆ ಆರ್‌ಟಿಒಗೆ ಒಯ್ಯಲು ಹಳೆ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ) ಅರ್ಜಿ ಮುಂದೆ ಹೋಗುವುದೇ ಇಲ್ಲ. ಬ್ಯಾಂಕಿನಿಂದ ಸಾಲ ತೀರಿದ ಪತ್ರ, ಬ್ಯಾಂಕು ಸಹಿ ಮಾಡಿದ ಫಾರ್ಮ್ 35 ಎರಡು ಪ್ರತಿ ಬೇಕು. ಆ ಶಾಖೆ ಬೇರೆ ಶಾಖೆಗೆ ಸೇರಿಹೋಗಿತ್ತು, ಹಳೆ ಸಾಲದ ನಂಬರು ಯಾರಿಗೂ ಸಿಗಲಿಲ್ಲ. ಕೊನೆಗೆ ದಾನಿಯ ಹಳೆ ಪಾಸ್‌ಬುಕ್ಕಿನಲ್ಲಿ ಕಂತು ಕಡಿತವಾದ ಸಾಲು ಹುಡುಕಿ ತೋರಿಸಿದ ಮೇಲೆ ಪತ್ರ ಹೊರಟಿತು. ಕಾಯುವುದರಲ್ಲಿ ಅತಿ ಉದ್ದದ್ದು ಇದೇ. ಹಾಗೆ ಸಿಕ್ಕಿದ ಪತ್ರಕ್ಕೂ ಅವಧಿ ಇರುತ್ತದೆ, ತಂದ ಕೂಡಲೇ ಅರ್ಜಿ ಹಾಕಿ.

ಎರಡನೆಯದು ಮೊಬೈಲ್ ನಂಬರು. ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಏನು ಮಾಡಹೋದರೂ ಒಟಿಪಿ ಹೋಗುವುದು ಕಾರು ತೆಗೆದುಕೊಂಡ ಕಾಲದಲ್ಲಿ ಕೊಟ್ಟ ನಂಬರಿಗೆ. ಅದು ಶೋರೂಮಿನ ಹುಡುಗನದ್ದೋ ಏಜೆಂಟನದ್ದೋ ಆಗಿರುವುದೂ ಉಂಟು. ಆಧಾರ್ ಮೂಲಕ ನಂಬರ್ ಬದಲಿಸಬಹುದು, ಆದರೆ ಆಧಾರಿನ ಹೆಸರೂ ಆರ್‌ಸಿಯ ಹೆಸರೂ ಹೊಂದಬೇಕು. ನಮ್ಮ ಕಡೆ ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಮನೆ ಹೆಸರು, ಮತ್ತೊಂದರಲ್ಲಿ ಅಪ್ಪನ ಹೆಸರು. ಪಡೆಯುವವರದ್ದೂ ಮೊದಲೇ ತಾಳೆ ನೋಡಿಡಿ. ಸರಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗ ತಪ್ಪು ಕಂಡರೆ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದು ದಂಡ. ಬಾಕಿ ಇ-ಚಲನ್ ಒಂದಿದ್ದರೂ ಕಾರಿನ ದಾಖಲೆ ಮುಂದೆ ಸರಿಯದು. ಫಾಸ್ಟ್ಯಾಗ್ ಕಾರಿಗೆ ಸೇರಿದ್ದು, ಆದರೆ ದುಡ್ಡು ಹೋಗುವುದು ದಾನಿಯ ಖಾತೆಯಿಂದ. ಕೀಲಿ ಕೊಡುವ ದಿನವೇ ಅದನ್ನು ಮುಚ್ಚಿಸಿ. ಇಲ್ಲದಿದ್ದರೆ ತಲಪಾಡಿ ಟೋಲಿನಲ್ಲಿ ನೀವು ದಾಟಿದ್ದು ಅವರ ಫೋನಿಗೆ ಗೊತ್ತಾಗುತ್ತದೆ.

ಆರ್‌ಸಿಯಲ್ಲಿ ಹೆಸರಿರುವವರು ತೀರಿಹೋಗಿದ್ದರೆ ಕೆಲಸ ಎರಡು ಹಂತ. ಫಾರ್ಮ್ 31, ಮರಣ ಪತ್ರ, ವಾರಸುದಾರರ ಪತ್ರ, ಉಳಿದ ಮಕ್ಕಳ ಒಪ್ಪಿಗೆಯ ಅಫಿಡವಿಟ್ ಕೊಟ್ಟು ಮೊದಲು ಒಬ್ಬ ವಾರಸುದಾರರ ಹೆಸರಿಗೆ ಮಾಡಬೇಕು, ಆಮೇಲೆ ಪಡೆಯುವವರಿಗೆ. ಮಕ್ಕಳು ಮೂರು ದೇಶಗಳಲ್ಲಿದ್ದರೆ ಆ ಕಾರನ್ನು ಮರೆಯಿರಿ.

ದಾನಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ತೆರಿಗೆಯದ್ದು. ಅಮೆರಿಕದಲ್ಲಿ ದಾನದ ಕಾರುಗಳಲ್ಲಿ ಬಹುಪಾಲು ಹರಾಜಿಗೆ ಹೋಗಿ ಹಣವಾಗುತ್ತವೆ, ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಇಲ್ಲಿ ಆ ಕಡಿತ, ಅಂದರೆ 80ಜಿ, ಸಿಗುವುದು ಹಣಕ್ಕೆ, ವಸ್ತುವಿಗಲ್ಲ. ಪಡೆಯುವವರಿಗೂ ತೆರಿಗೆಯ ಭಯ ಬೇಡ: ಉಡುಗೊರೆಯ ಮೇಲೆ ತೆರಿಗೆ ಹಾಕುವ ಕಲಮಿನಲ್ಲಿ ಹೇಳಿದ ಸೊತ್ತುಗಳ ಪಟ್ಟಿಯಲ್ಲಿ ಕಾರು ಇಲ್ಲ. ದುಡ್ಡಿಲ್ಲದೆ ಕೊಟ್ಟದ್ದೆಂದು, ದಿನಾಂಕ, ಸಮಯ, ಮೀಟರಿನ ಅಂಕಿ ಸಹಿತ ಇಬ್ಬರೂ ಸಹಿ ಮಾಡಿದ ಪತ್ರ ಒಂದಿರಲಿ. ಸಮಯ ಬರೆಯುವುದು ಯಾಕೆಂದರೆ ಆ ಗಂಟೆಯ ಮೊದಲಿನ ದಂಡ ಅವರದು, ಅನಂತರದ್ದು ನಿಮ್ಮದು.

ಎನ್‌ಒಸಿಗೆ ಫಾರ್ಮ್ 28, ಆರ್‌ಸಿ, ಚಾಲ್ತಿಯ ವಿಮೆ, ಹೊಗೆ ಪತ್ರ, ತೆರಿಗೆ ಕಟ್ಟಿದ ದಾಖಲೆ, ಜೊತೆಗೆ ಕಾರು ಯಾವ ಕೇಸಿನಲ್ಲೂ ಇಲ್ಲವೆಂದು ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಜಾಲತಾಣದಿಂದ ತೆಗೆದ ವರದಿ. ಅರ್ಜಿಯಲ್ಲಿ ಯಾವ ಆರ್‌ಟಿಒಗೆ ಹೋಗುತ್ತದೆಂದು ಬರೆಯಬೇಕು. ಕಾಸರಗೋಡು ಕೆಎಲ್ 14, ಕಾಞಂಗಾಡು ಕೆಎಲ್ 60, ವೆಳ್ಳರಿಕುಂಡು ಕೆಎಲ್ 79. ಪಡೆಯುವವರ ಮನೆ ಯಾವುದರಡಿ ಬರುತ್ತದೆಂದು ಕೇಳಿಕೊಂಡೇ ಬರೆಯಿರಿ, ತಪ್ಪಿದರೆ ಎನ್‌ಒಸಿ ರದ್ದು ಮಾಡಿಸಿ ಮತ್ತೆ ಮೊದಲಿಂದ. ಮೋಟಾರು ವಾಹನ ಕಾನೂನಿನ 48ನೇ ಕಲಮಿನಂತೆ 30 ದಿನಗಳೊಳಗೆ ಕೊಡಬೇಕು, ಅಥವಾ ಯಾಕೆ ಕೊಡುವುದಿಲ್ಲವೆಂದು ಬರೆದು ತಿಳಿಸಬೇಕು. ಕೌಂಟರಿನಲ್ಲಿ ಆ ಕಲಮನ್ನು ಹೇಳಿ ಜಗಳಕ್ಕೆ ನಿಂತರೆ ಕೆಲಸ ಬೇಗ ಆಗುತ್ತದೆಂದು ನಂಬಬೇಡಿ; ಅರ್ಜಿ ನಂಬರು ಇಟ್ಟುಕೊಂಡು ವಾರಕ್ಕೊಮ್ಮೆ ಸ್ಥಿತಿ ನೋಡುವುದು ಮೇಲು.

ಅರ್ಜಿಯೊಂದಿಗೆ ಕೇಳುವ ಚಾಸಿ ನಂಬರಿನ (ಕಾರಿನ ಮೈಗೆ ಕೆತ್ತಿದ ಗುರುತು ನಂಬರು) ಅಚ್ಚು ಸಣ್ಣ ಕೆಲಸದಂತೆ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಬಾನೆಟ್ಟಿನೊಳಗಿನ ಹಿಂದಿನ ಗೋಡೆಯಲ್ಲಿ, ಕೆಲವಲ್ಲಿ ಮುಂದಿನ ಸೀಟಿನಡಿ ಕಾರ್ಪೆಟ್ ಎತ್ತಿದರೆ ಸಿಗುತ್ತದೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ತೆಳು ಕಾಗದ ಅಂಟಿಸಿ, ಮೆತ್ತನೆಯ ಪೆನ್ಸಿಲನ್ನು ಅಡ್ಡಕ್ಕೆ ಹಿಡಿದು ಉಜ್ಜಬೇಕು. ಉಪ್ಪುಕಾಗದದಲ್ಲಿ ಉಜ್ಜಿದರೆ ತುಕ್ಕಿನೊಂದಿಗೆ ಅಕ್ಷರವೂ ಹೋಗುತ್ತದೆ. ಹದಿನೇಳು ಅಕ್ಷರ ಅಂಕಿಗಳೂ ಎಣಿಸಿ ಸಿಗಬೇಕು. ಮಾರುತಿಯಾದರೆ ಎಂಎ3 ಎಂದು ಶುರು. ಇದರಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ, ದುಂಡಗೆ ಕಂಡದ್ದು ಸೊನ್ನೆಯೇ. ಅರ್ಜಿಯಲ್ಲಿ ಒ ಎಂದು ಹೊಡೆದರೆ ತಾಳೆಯಾಗದೆ ವಾಪಸು. ಐದು ಪ್ರತಿ ಒಟ್ಟಿಗೇ ತೆಗೆದಿಡಿ, ಎರಡೂ ರಾಜ್ಯದಲ್ಲಿ ಕೇಳುತ್ತಾರೆ. ಒಂದು ಅಕ್ಷರವೂ ಓದಲಾಗದಷ್ಟು ಸವೆದಿದ್ದರೆ ಆರ್‌ಟಿಒ ಅನುಮತಿಯಿಂದ ಮತ್ತೆ ಪಂಚ್ ಮಾಡಿಸಬೇಕು, ಅದನ್ನು ಕರ್ನಾಟಕದಲ್ಲಿರುವಾಗಲೇ ಮುಗಿಸಿ.

ಎನ್‌ಒಸಿ ಕೈಗೆ ಬಂದ ಮೇಲೆ ಕೇರಳದ ಭಾಗ. ಹೊಸ ನಂಬರಿಗೆ ಫಾರ್ಮ್ 27, ಹೆಸರು ಬದಲಿಗೆ 29 ಎರಡು ಪ್ರತಿ ಮತ್ತು 30, ಪ್ಯಾನ್ ಇಲ್ಲದಿದ್ದರೆ ಫಾರ್ಮ್ 60. ದಾನಿಯಿಂದ 29, 30ಕ್ಕೆ ಒಂದೊಂದು ಹೆಚ್ಚಿನ ಸಹಿ ಪ್ರತಿ ತೆಗೆದಿಟ್ಟುಕೊಳ್ಳಿ. ಸಹಿ ಆರ್‌ಸಿ ಕಾಲದ ಸಹಿಗೆ ಹೋಲದಿದ್ದರೆ ಮತ್ತೆ ಗಡಿ ದಾಟಿ ಹೋಗಬೇಕಾಗುತ್ತದೆ. ವಯಸ್ಸಾದವರ ಕೈ ನಡುಗುತ್ತದೆ, ಅವರಿಗೆ ಸಿಟ್ಟೂ ಬರುತ್ತದೆ; ದಾನ ಕೊಟ್ಟ ತಪ್ಪಿಗೆ ಇಷ್ಟು ಸಹಿಯಾ ಎಂದು ಈ ದಾನಿ ಕೇಳಿದ್ದರಲ್ಲಿ ನ್ಯಾಯವಿತ್ತು.

ಕೇರಳದ ಒಂದು ಬಾರಿಯ ತೆರಿಗೆ ಇಡೀ ಲೆಕ್ಕದಲ್ಲಿ ದೊಡ್ಡ ಖರ್ಚು. ಕಾರು ಹೊಸತಿದ್ದಾಗಿನ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕ ಕಡಿತ ಮಾಡಿ ಕೇಳುತ್ತಾರೆ. ನೀವು ಪುಕ್ಕಟೆ ತೆಗೆದುಕೊಂಡದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೂಲ ಇನ್ವಾಯ್ಸ್ ಇದ್ದರೆ ಬೆಲೆಯ ಬಗ್ಗೆ ವಾದವಿಲ್ಲ, ದಾನಿಯ ಹಳೆ ಫೈಲಿನಲ್ಲಿ ಹುಡುಕಿಸಿ. ಕಟ್ಟುವ ಮೊದಲು ಮೊತ್ತ ಕೇಳಿ ತಿಳಿದುಕೊಂಡು, ಮನೆಯವರಿಗೆ ಹೇಳಿ, ದುಡ್ಡು ಹೊಂದಿಸಿದ ಮೇಲೆಯೇ ಎನ್‌ಒಸಿಗೆ ಅರ್ಜಿ ಹಾಕುವ ಕ್ರಮ ಒಳ್ಳೆಯದು. ತೆರಿಗೆಗೆ ದುಡ್ಡಿಲ್ಲದೆ ಎನ್‌ಒಸಿ ಹಿಡಿದು ಕೂತರೆ ಕಾರು ಎರಡೂ ರಾಜ್ಯಕ್ಕೆ ಸೇರದೆ ಕೊಳೆಯುತ್ತದೆ.

ಕಾರನ್ನು ತಪಾಸಣೆಗೆ ತೋರಿಸುವ ದಿನ ಇನ್‌ಸ್ಪೆಕ್ಟರ್ ನೋಡುವುದು ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ, ಲೈಟು, ಟೈರು. ಆರ್‌ಸಿಯಲ್ಲಿ ಒಂದು ಬಣ್ಣ, ಕಾರಿಗೆ ಇನ್ನೊಂದು ಇದ್ದರೆ ಅಂದೇ ತಿರಸ್ಕಾರ. ಗಾಜಿಗೆ ಅಂಟಿಸಿದ ಕಪ್ಪು ಹಾಳೆ, ಮುಂದಿನ ಕಬ್ಬಿಣದ ಗಾರ್ಡು ಮನೆಯಲ್ಲೇ ಕಿತ್ತಿಡಿ. ಆರ್‌ಸಿ ಕಾರ್ಡಿಗೆ ಕಾಯುತ್ತಾ ಕೂರಬೇಕಾಗಿಲ್ಲ, ಡಿಜಿಲಾಕರಿನಲ್ಲಿ ಬಂದದ್ದು ರಸ್ತೆಯಲ್ಲಿ ತೋರಿಸಲು ಸಾಕು.

ಈ ನಡುವೆ ಕಾರನ್ನು ಓಡಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹೊರರಾಜ್ಯದ ನಂಬರಿನಲ್ಲಿ 12 ತಿಂಗಳು ಇರಬಹುದೆಂಬ ಮಾತು ನಂಬರು ಬದಲಿಸುವ ಗಡುವಿಗೆ ಸಂಬಂಧಿಸಿದ್ದು, ತೆರಿಗೆಗಲ್ಲ. ಅದಕ್ಕಿಂತ ದೊಡ್ಡ ವಿಚಾರ ದಾನಿಯದ್ದು. ಆರ್‌ಸಿಯಲ್ಲಿ ಹೆಸರು ಯಾರದೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೇರಳದ ರಸ್ತೆಗಳಲ್ಲಿ 2023ರ ಜೂನ್‌ನಿಂದ ದಂಡ ಹಾಕುತ್ತಿರುವ 726 ಎಐ ಕ್ಯಾಮರಾಗಳಿವೆ. ಮಾವ ಬೆಲ್ಟು ಹಾಕದೆ ಕುಂಬಳೆ ದಾಟಿದರೆ ನೋಟೀಸು ಹೋಗುವುದು ಮಂಗಳೂರಿನ ಮನೆಗೆ. ಹೆಸರು ಬದಲಾಗುವವರೆಗೆ ವರ್ಕ್‌ಶಾಪು, ತಪಾಸಣೆ ಬಿಟ್ಟು ಎಲ್ಲಿಗೂ ಒಯ್ಯಬೇಡಿ.

ವಿಮೆಯಲ್ಲಿ ಒಂದು ವಿಷಯ ಗೊತ್ತಿರಲಿ. ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಮನುಷ್ಯನದ್ದು, ಕಾರಿನದ್ದಲ್ಲ. ದಾನಿಗೆ ಶೇಕಡಾ 50 ರಿಯಾಯಿತಿ ಇದ್ದರೆ ಪಾಲಿಸಿ ನಿಮ್ಮ ಹೆಸರಿಗೆ ಬರುವಾಗ ಉಳಿದ ಅವಧಿಯ ವ್ಯತ್ಯಾಸ ಕಟ್ಟಬೇಕು. ಥರ್ಡ್ ಪಾರ್ಟಿ ರಕ್ಷಣೆ ಮಾಲೀಕತ್ವದೊಂದಿಗೇ ವರ್ಗವಾದಂತೆ ಎಂದು ಕಾನೂನು ಹೇಳುತ್ತದೆ. ಆದರೂ 14 ದಿನದೊಳಗೆ ಕಂಪೆನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಹೊಸ ನಂಬರು ಬಂದ ಮೇಲೆ ಅದನ್ನೂ ಪಾಲಿಸಿಯಲ್ಲಿ ಸೇರಿಸಿ. ಇಷ್ಟು ಹಳೆ ಕಾರಿಗೆ ಪೂರ್ತಿ ವಿಮೆ ಬೇಡ, ಥರ್ಡ್ ಪಾರ್ಟಿಯೊಂದಿಗೆ ಓಡಿಸುವ ಮಾಲೀಕನ 15 ಲಕ್ಷದ ಅಪಘಾತ ವಿಮೆ ಸಾಕು ಎಂಬುದು ನಮ್ಮ ತೀರ್ಮಾನ.

ಹುಡುಗನನ್ನು ಕೂರಿಸುವ ಪಾಠ ಪಾಲಿಯೇಟಿವ್ ನರ್ಸ್ ಹೇಳಿಕೊಟ್ಟರು. ವ್ಯಾಗನ್‌ಆರ್ ಸೀಟು ಎತ್ತರದಲ್ಲಿರುವುದರಿಂದ ಎತ್ತುವವರು ಸೊಂಟ ಬಗ್ಗಿಸಬೇಕಾಗಿಲ್ಲ. ಆಲ್ಟೋದಲ್ಲಿ ಇದು ಕಷ್ಟ. ಮುಂದಿನ ಎಡ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನನ್ನು ಸ್ವಲ್ಪ ಇಳಿಸಿ, ಮೊದಲು ಸೊಂಟ ಕೂರಿಸಿ ಆಮೇಲೆ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಬೇಕು. ಕಾಲು ಮೊದಲು ಹಾಕಿದರೆ ಸೊಂಟ ತಿರುಚುತ್ತದೆ. ಕುತ್ತಿಗೆ ನಿಲ್ಲದ ಮಕ್ಕಳಿಗೆ ಎರಡು ಬದಿಗೂ ಬಟ್ಟೆ ಸುತ್ತಿ ಇಡಬಹುದು, ಆದರೆ ಬೆಲ್ಟು ಕುತ್ತಿಗೆಗೆ ತಾಗದೆ ಭುಜದ ಮೇಲೆಯೇ ಹಾಯಬೇಕು. ಏರ್‌ಬ್ಯಾಗ್ ಇರುವ ಕಾರಾದರೆ ಸಣ್ಣ ಮಕ್ಕಳನ್ನು ಮುಂದೆ ಕೂರಿಸಲೇಬೇಡಿ. ಗಾಲಿಕುರ್ಚಿಯ ಪಾದದ ಹಲಗೆಗಳನ್ನು ಕಳಚಿ, ಹಿಂದಿನ ಸೀಟಿನ ಬೆನ್ನು ಮಡಚಿದರೆ ಒಳಗೆ ಹೋಗುತ್ತದೆ. ಆಗ ಹಿಂದೆ ಒಬ್ಬರಿಗೇ ಜಾಗ.

ತಿಂಗಳ ಖರ್ಚು ಮೊದಲೇ ಬರೆದು ತೋರಿಸದಿದ್ದರೆ ಕಾರು ಅಂಗಳದಲ್ಲೇ ಉಳಿಯುತ್ತದೆ. ಏರು ರಸ್ತೆಯಲ್ಲಿ ಲೀಟರಿಗೆ ಹದಿನಾರು ಕಿಲೋಮೀಟರ್ ಹಿಡಿಯಿರಿ, ಮಂಗಳೂರಿಗೆ ಹೋಗಿ ಬಂದರೆ ಆರೇಳು ಲೀಟರ್. 2023ರ ಏಪ್ರಿಲಿನಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿ ಸೆಸ್ಸೂ ಇರುವುದರಿಂದ ಪೆಟ್ರೋಲು ಗಡಿಯಾಚೆ ಅಗ್ಗ, ಆಸ್ಪತ್ರೆಗೆ ಹೋದವರು ಬರುವಾಗ ತುಂಬಿಸಿಕೊಂಡು ಬರುತ್ತಾರೆ. ವಿಮೆ, ಹೊಗೆ ಪತ್ರ, ವರ್ಷಕ್ಕೊಂದು ಆಯಿಲ್ ಬದಲಾವಣೆ, ಒಂದು ಅನಿರೀಕ್ಷಿತ ರಿಪೇರಿ, ಎಲ್ಲ ಸೇರಿ ವರ್ಷಕ್ಕೆ ಹನ್ನೆರಡು ಸಾವಿರ ತೆಗೆದಿಡಬೇಕು. ಬಳಗದಿಂದ ಮೊದಲ ವರ್ಷದ್ದನ್ನು ಮಾತ್ರ ಒಪ್ಪಿಕೊಂಡಿದ್ದೇವೆ.

ಕೊನೆಯದೊಂದು ಬಾಕಿ ಇದೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಿದ ಕಾರು ಬೇರೆ ರಾಜ್ಯಕ್ಕೆ ಹೋದರೆ ಉಳಿದ ಅವಧಿಗೆ ಲೆಕ್ಕ ಹಾಕಿ ಸ್ವಲ್ಪ ವಾಪಸು ಸಿಗುತ್ತದೆ. ಕೆಎಲ್ ಆರ್‌ಸಿಯ ಪ್ರತಿ, ಎನ್‌ಒಸಿಯ ಪ್ರತಿ, ತೆರಿಗೆ ರಶೀದಿ ಇಟ್ಟು ಹಳೆ ಆರ್‌ಟಿಒದಲ್ಲೇ ಅರ್ಜಿ ಹಾಕಬೇಕು. ಹನ್ನೆರಡು ವರ್ಷದ ಕಾರಿಗೆ ದೊಡ್ಡ ಮೊತ್ತವೇನೂ ಬರುವುದಿಲ್ಲ. ಬಂದದ್ದನ್ನು ಪೆಟ್ರೋಲಿಗೆ ಕೊಡಲು ದಾನಿ ಒಪ್ಪಿದ್ದಾರೆ, ಅರ್ಜಿ ಹೋದ ವಾರ ಹಾಕಿಯಾಯಿತು. ರಶೀದಿಯ ಮೂಲ ಪ್ರತಿಯನ್ನು ಎನ್‌ಒಸಿಯ ಹೊತ್ತಿಗೆ ಕೌಂಟರಿನಲ್ಲಿ ಬಿಟ್ಟು ಬರಬೇಡಿ, ಈ ಅರ್ಜಿಗೂ ಅದೇ ಬೇಕು.